ಹಗ್ಗದ ಒಳಸುತ್ತು

ತುಂಗಭದ್ರೆಯ ದಂಡೆಯ ಹಿರೇಕಡವು ಗ್ರಾಮದಲ್ಲಿ ಹೊಳೆಗೆ ಮುಖ ಮಾಡಿ ನಿಂತ ಒಂದು ಹಳೆಯ ಕಲ್ಲುಮಂಟಪ. ಮಠವೆಂದರೂ ಅದೇ, ಮನೆಯೆಂದರೂ ಅದೇ. ಪೂಜ್ಯ ಶ್ರೀ ಚನ್ನಮಲ್ಲ ಅಜ್ಜನವರು ಅಲ್ಲಿ ಮೂವತ್ತು ವರ್ಷ ವಾಸವಾಗಿದ್ದರು. ಹೊದೆಯಲು ಒಂದು ಕಾವಿ ಶಾಲು, ಕೂರಲು ಒಂದು ಗೋಣಿತಟ್ಟು, ಮಂಟಪದ ಮೇಲೆ ಹಬ್ಬಿಸಿದ ಒಂದು ಸೋರೆಬಳ್ಳಿ, ಇಷ್ಟೇ ಅವರ ಸಂಸಾರ. ಜನ ಎಸೆದ ಹರಕು ಚೀಲಗಳನ್ನು ಹೊಲಿಯುವರು. ಬಲಿತ ಸೋರೆಕಾಯಿಯನ್ನು ಒಣಗಿಸಿ, ನೀರಿನ ಬುರುಡೆ ಮಾಡಿ ಹಾದಿಹೋಕ ಜಂಗಮರಿಗೆ ಕೊಡುವರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಅಜ್ಜನವರು ಒಮ್ಮೆ ತುಂಬಿದ ಹೊಳೆಯ ಮೇಲೆ ನಡೆದು ಬಂದರೆಂದು ಊರು ನಂಬಿತ್ತು. ಊರಿನ ದೊಡ್ಡ ಅಂಗಡಿಯ ಕೊಟ್ರಬಸಪ್ಪ ಶೆಟ್ಟರು ಮಾತ್ರ ನಂಬಿರಲಿಲ್ಲ. "ಹೊಳಿ ಮ್ಯಾಲೆ ನಡೆಯೋ ಅಜ್ಜಗ ಹರಿಗೋಲು ಯಾಕ ಬೇಕ್ರಿ? ಆಚೆ ದಂಡಿಗೆ ಹೋಗೂ ಮುಂದ ಅಂಬಿಗರ ಹುಲಿಗೆಪ್ಪನ್ನ ಕರೀತಾರಲ್ಲ!" ಎಂದು ತಕ್ಕಡಿಯ ಹಿಂದೆ ಕುಳಿತು ನಗುತ್ತಿದ್ದರು. ಶೆಟ್ಟರು ಕೆಟ್ಟವರಲ್ಲ. ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕದ್ದನ್ನು, ತೂಗಿ ಕೊಡಬಹುದಾದದ್ದನ್ನು ನಂಬುವ ಮನುಷ್ಯ. ಅಂಗಡಿ ಇಟ್ಟವರಿಗೆ ಈ ಗುಣ ಬೇಕೇ ಬೇಕು.

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಡುವೆ ಉಸುಕಿನ ದೊಡ್ಡ ದಿಬ್ಬ ಏಳುತ್ತಿತ್ತು. ಶೆಟ್ಟರು ಅಲ್ಲಿ ಕಲ್ಲಂಗಡಿ ಬೆಳೆಸುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಡೆದೇ ಹೋಗಿಬರಬಹುದು. ಇನ್ನು ಅಂಬಿಗರ ಪದ್ಧತಿಯೊಂದಿತ್ತು. ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮುಂಚೆ ಹರಿಗೋಲಿನ ಹಳೆಯ ತೊಗಲು ಕಿತ್ತು ಹಾಕುವರು. ಹೊಸ ತೊಗಲನ್ನು ಕಾರಹುಣ್ಣಿಮೆಯ ದಿನ ಪೂಜೆ ಮಾಡಿಯೇ ಹೊಲಿಯುವರು. ನಡುವಿನ ಹತ್ತು ದಿನ ಹರಿಗೋಲು ಬರೀ ಬಿದಿರಿನ ಬುಟ್ಟಿ. ಹೊಳೆ ಆ ಹತ್ತು ದಿನ ಕಾಯುತ್ತದೆ ಎಂಬುದು ತಲೆತಲಾಂತರದ ನಂಬಿಕೆ.

ಆ ವರ್ಷ ಹೊಳೆ ಕಾಯಲಿಲ್ಲ.

ಬೆಳಗ್ಗೆ ಹುಲಿಗೆಪ್ಪ ಅಂಗಡಿಗೆ ಬಂದು ಹೇಳಿದ್ದ: "ಸಾವ್ಕಾರ್ರ, ಮ್ಯಾಲ ಗುಡ್ಡದ ಕಡೆ ರಾತ್ರೆಲ್ಲ ಗುಡುಗೇತ್ರಿ. ಇವತ್ತು ದಿಬ್ಬಕ್ಕ ಮಂದಿ ಕಳಸಬ್ಯಾಡ್ರಿ."

"ಗುಡುಗಿದ್ದೆಲ್ಲ ಮಳಿ ಆಗೂದಿದ್ರ ನಾನು ಕೊಡೆ ಅಷ್ಟ ಮಾರ್ತಿದ್ದೆ ಹೋಗೋ ಮಾರಾಯ. ಕಡೀ ಕಾಯಿ ಅವು. ಇವತ್ತು ಬಿಟ್ರ ಬಿರಿದು ಹೋಗ್ತಾವ."

ಶೆಟ್ಟರ ತಮ್ಮ ಈರಪಾಕ್ಷಿ, ಕಾವಲಿನ ಮುದುಕ ದ್ಯಾಮಣ್ಣ, ಕಾಯಿ ಕೀಳಲು ಮೂವರು ಹೆಂಗಸರು, ಒಟ್ಟು ಐದು ಜನ ದಿಬ್ಬಕ್ಕೆ ಹೋದರು. ಆ ಹೆಂಗಸರಲ್ಲಿ ಹುಲಿಗೆಪ್ಪನ ಹೆಂಡತಿ ಗಾಳೆವ್ವನೂ ಒಬ್ಬಳು.

ಮಧ್ಯಾಹ್ನದ ಊಟದ ಹೊತ್ತಿಗೆ ಊರಿನ ಮೇಲೆ ಬಿಸಿಲೇ ಇತ್ತು. ಹೊಳೆ ಮಾತ್ರ ಕೆಂಪಾಗಿ, ಕಡ್ಡಿ ಕಸ ಹೊತ್ತು ಬಂತು. ದಿಬ್ಬದ ಮೇಲಿದ್ದವರು ತಲೆ ಎತ್ತಿ ನೋಡುವಷ್ಟರಲ್ಲಿ ಹಿಂದಿರುಗುವ ದಾರಿ ಎದೆಮಟ್ಟ ಮುಳುಗಿ ಸುಳಿ ತಿರುಗುತ್ತಿತ್ತು. ಮಂಟಪದ ಕೆಳಗಿನ ಮೆಟ್ಟಿಲಲ್ಲಿ ಒಂದು ಕಲ್ಲಿನ ಬಸವಣ್ಣನಿದ್ದಾನೆ. ಊರಿಗೆ ಅವನೇ ಅಳತೆಗೋಲು. ಅವನ ಕಿವಿ ಮುಳುಗಿದರೆ ಉಸುಕಿನ ದಿಬ್ಬ ಪೂರ್ತಿ ಮುಳುಗಿತೆಂದೇ ಅರ್ಥ. ಶೆಟ್ಟರು ಅಂಗಡಿಯಿಂದ ಬರಿಗಾಲಲ್ಲಿ ಓಡಿಬಂದಾಗ ನೀರು ಬಸವಣ್ಣನ ಮೊಣಕಾಲು ದಾಟಿತ್ತು.

ಊರಿಗೆ ಊರೇ ಮಂಟಪದ ಮುಂದೆ ನೆರೆದಿತ್ತು. ದಿಬ್ಬದ ಮೇಲೆ ಐದು ತಲೆಗಳು ಒಂದೇ ಕಡೆ ಗುಂಪಾಗಿ ಕಾಣುತ್ತಿದ್ದವು. ಯಾರೋ ಹೆಂಗಸು ಸೆರಗು ಬೀಸುತ್ತಿದ್ದಳು. "ವಿಭೂತಿ ಹಾಕ್ರಿ ಅಜ್ಜಾರ! ಹೊಳಿಗೆ ನಿಲ್ಲು ಅನ್ರಿ!" ಎಂದು ಜನ ಮೊರೆಯಿಡುತ್ತಿದ್ದರು.

ಹುಲಿಗೆಪ್ಪ ಶೆಟ್ಟರನ್ನು ಕಂಡವನೇ ಮೈಮೇಲೆ ಏರಿಬಂದ. "ಬರ್ರಿ, ಈಗ ಕೊಡೆ ಮಾರ್ರಿ! ನಿಮ್ಮ ತಮ್ಮ ಅಷ್ಟ ಅಲ್ರಿ ಅಲ್ಲಿ ಇರೋದು, ನನ್ನ ಹೆಣ್ತಿನೂ ಅದಾಳ!"

ಶೆಟ್ಟರು ಅವನನ್ನು ದಾಟಿ ಹೋಗಿ ಅಜ್ಜನವರ ಪಾದದ ಮೇಲೆ ಬಿದ್ದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ಬಾಗದ ತಲೆ. "ಅಜ್ಜಾರ, ಉಳಿಸಿಕೊಡ್ರಿ. ನಿಮ್ಮ ಲಿಂಗಕ್ಕ ಬೆಳ್ಳಿ ಕವಚ ಮಾಡಸ್ತೀನಿ. ಬಾಗಲಿಗೆ ಬೆಳ್ಳಿ ತಗಡು ಹೊಡಸ್ತೀನಿ."

ಅಜ್ಜನವರು ಹೊಲಿಯುತ್ತಿದ್ದ ಚೀಲವನ್ನು ಬದಿಗಿಟ್ಟು ಕೇಳಿದರು: "ಬೆಳ್ಳಿ ತೇಲತದೇನು?"

ಶೆಟ್ಟರು ತಲೆ ಎತ್ತಿದರು.

"ಹೊಳಿ ತನ್ನ ಕೆಲಸ ಮಾಡಾಕತ್ತೈತಿ. ನಾವು ನಮ್ಮದು ಮಾಡೂಣು. ನಿನ್ನ ಅಂಗಡ್ಯಾಗ ಏನೇನೈತಿ? ಬಾಗಲದಿಂದ ಹೇಳಕೊಂತ ಬಾ."

ನೆರೆದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಐದು ಜೀವ ನೀರಿನ ಬಾಯಲ್ಲಿರುವಾಗ ಇದೆಂಥ ಪ್ರಶ್ನೆ! ಆದರೆ ಶೆಟ್ಟರ ನಾಲಿಗೆ ತಾನಾಗಿ ಸಡಿಲಿತು. ಕಣ್ಣು ಕಟ್ಟಿ ಬಿಟ್ಟರೂ ಅಂಗಡಿಯ ಯಾವ ಮೂಲೆಯಲ್ಲಿ ಏನಿದೆ ಎಂದು ಹೇಳಬಲ್ಲ ಮನುಷ್ಯ ಆತ.

"ಬಾಗಲ ಎಡಕ್ಕ ಉಪ್ಪಿನ ಚೀಲ…"

"ಮುಂದ."

"ಬೆಲ್ಲದ ಪೆಂಟಿ. ಮೆಣಸಿನಕಾಯಿ ಚೀಲ."

"ಮುಂದ."

"ಮಾಡದಾಗ ಊದಿನಕಡ್ಡಿ, ಲೋಬಾನ, ರಾಳ… ಗೂಟಕ್ಕ ತೆಂಗಿನ ನಾರಿನ ಹಗ್ಗದ ಸುತ್ತು…"

"ಮುಂದ."

ನೀರು ಬಸವಣ್ಣನ ಎದೆ ಮುಟ್ಟಿತು. ಹಿಂದಿನಿಂದ ಯಾರೋ ಅತ್ತರು. ಶೆಟ್ಟರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಂಗಡಿಯ ನಡುಮನೆ ದಾಟಿದರು. "ಒಳಗ ಶೇಂಗಾ… ಹುಣಸಿಹಣ್ಣು… ಹಿತ್ತಲ ಬಾಗಲ ಹತ್ರ ಏನೂ ಇಲ್ರಿ, ಬರೇ ಖಾಲಿ ಎಣ್ಣಿ ಡಬ್ಬಿ ಒಟ್ಟೀನಿ…"

ಅಲ್ಲಿಗೆ ಅವರ ಮಾತು ನಿಂತಿತು. ಅಜ್ಜನವರು ಈ ಸಲ "ಮುಂದ" ಅನ್ನಲಿಲ್ಲ.

ಹುಲಿಗೆಪ್ಪ ಕೂಗಿದ: "ಎಷ್ಟದಾವ್ರಿ?"

"ಮೂವತ್ತರ ಮ್ಯಾಲ ಅದಾವು." ಶೆಟ್ಟರು ಎದ್ದು ನಿಂತಿದ್ದರು. "ಬಾಯಿಗೆ ಬಟ್ಟಿ ಜಡಿದು ರಾಳ ಕಾಸಿ ಸುರದ್ರ ಹನಿ ನೀರೂ ಹೋಗಂಗಿಲ್ಲ! ಓಡ್ರೋ! ಡಬ್ಬಿ, ರಾಳ, ಹಗ್ಗ, ಎಲ್ಲಾ ಎತ್ತಿಕೊಂಡ ಬರ್ರಿ!"

ಜನ ಓಡಿತು. ಹುಲಿಗೆಪ್ಪ ಹರಿಗೋಲಿನ ಬಿದಿರಿನ ಹಂದರವನ್ನು ಮಗುಚಿ ನೀರಿನ ಅಂಚಿಗೆ ತಂದ. ಮಂಟಪದ ಮುಂದೆ ಮೂರು ಕಲ್ಲು ಹೂಡಿ ರಾಳಕ್ಕೆ ಎಣ್ಣೆ ಬೆರೆಸಿ ಕಾಸಿದರು. ಡಬ್ಬಿಗಳ ಬಾಯಿಗೆ ಜಡಿಯಲು ಬಟ್ಟೆ ಹುಡುಕುವಷ್ಟರಲ್ಲಿ ಪರ್ರನೆ ಹರಿದ ಸದ್ದು ಕೇಳಿತು. ಅಜ್ಜನವರು ತಮ್ಮ ಮೈಮೇಲಿದ್ದ ಒಂದೇ ಒಂದು ಕಾವಿ ಶಾಲನ್ನು ಹಲ್ಲಿಗೆ ಕೊಟ್ಟು ಸೀಳುತ್ತಿದ್ದರು. ಯಾರಿಗೂ ಬೇಡವೆನ್ನುವ ಧೈರ್ಯ ಬರಲಿಲ್ಲ. ಒಂದೊಂದು ಡಬ್ಬಿಗೆ ಒಂದೊಂದು ಕಾವಿ ತುಂಡು, ಮೇಲೆ ಕುದಿಯುವ ರಾಳ. ಹಂದರದ ಒಳಗೂ ಹೊರಗೂ ಸುತ್ತ ಡಬ್ಬಿ ಬಿಗಿದರು. ಅಜ್ಜನವರು ಮಾಡಿನಿಂದ ಎರಡು ಒಣ ಸೋರೆಬುರುಡೆ ಬಿಚ್ಚಿ ಹುಲಿಗೆಪ್ಪನ ಸೊಂಟಕ್ಕೆ ತಾವೇ ಕಟ್ಟಿದರು.

ತೊಗಲಿಲ್ಲದ ಹರಿಗೋಲು ಹುಟ್ಟಿನ ಮಾತು ಕೇಳುವುದಿಲ್ಲ. ಮಂಟಪದಿಂದ ದಿಬ್ಬ ಕೆಳಹರಿವಿಗಿದೆ. ಹಗ್ಗ ಕಟ್ಟಿ ಬಿಟ್ಟರೆ ನೀರೇ ಒಯ್ದು ಮುಟ್ಟಿಸುತ್ತದೆ, ಹಗ್ಗ ಜಗ್ಗಿದರೆ ಹಿಂದಕ್ಕೆ ಬರುತ್ತದೆ. ಎಲ್ಲ ಸಿದ್ಧವಾಯಿತು. ಹುಲಿಗೆಪ್ಪ ಶೆಟ್ಟರ ಅಂಗಡಿಯ ಹಗ್ಗದ ಸುತ್ತಿನ ತುದಿಯನ್ನು ಹಂದರಕ್ಕೆ ಗಂಟು ಹಾಕಿ ನೀರಿಗೆ ಕಾಲಿಟ್ಟ. ನೀರು ಬಸವಣ್ಣನ ಕೊರಳಿಗೆ ಬಂದಿತ್ತು.

ಆ ಕ್ಷಣದಲ್ಲಿ ಶೆಟ್ಟರ ಕಣ್ಣು ಆ ಗಂಟಿನ ಮೇಲೆ ಬಿತ್ತು.

ಆ ಹಗ್ಗದ ಸಂಗತಿ ಊರಿನಲ್ಲಿ ಒಬ್ಬರಿಗೇ ಗೊತ್ತಿತ್ತು. ಹೊರಸುತ್ತು ಹೊಸ ನಾರು. ಒಳಸುತ್ತು ಎರಡು ಮಳೆಗಾಲ ಕಂಡ, ಇಲಿ ಕಡಿದ ಹಳೆಯ ಹಗ್ಗ. ಎರಡನ್ನೂ ನಾಜೂಕಾಗಿ ಹೆಣೆದು ಸೇರಿಸಿ, ಒಂದೇ ಸುತ್ತು ಮಾಡಿ ಗೂಟಕ್ಕೆ ಹಾಕಿದ ಕೈ ಶೆಟ್ಟರದೇ. ಕೊಳ್ಳುವವರು ಹೊರಗಿನ ಎರಡು ಮಾರು ಎಳೆದು ನೋಡುತ್ತಾರೆ, ಒಳಗೆ ಯಾರು ನೋಡುತ್ತಾರೆ? ಪೇಟೆಯಲ್ಲಿ ಇಂಥ ಕೈಚಳಕಕ್ಕೆ ಜಾಣತನ ಎಂದೇ ಹೆಸರು. ಹೇಳಿದರೆ ಮೂರು ತಲೆಮಾರಿನ ಅಂಗಡಿಯ ಹೆಸರು ಇಡೀ ಊರಿನ ಮುಂದೆ ಹೊಳೆಪಾಲು. ಹೇಳದಿದ್ದರೆ? ತಡೆದರೂ ತಡೆದೀತು. ದಿಬ್ಬದ ಕಡೆ ನೋಡಿದರು. ಈರಪಾಕ್ಷಿ ಮುದುಕ ದ್ಯಾಮಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡಿದ್ದ.

"ನಿಲ್ಲೋ ಹುಲಿಗೆಪ್ಪಾ!" ಶೆಟ್ಟರು ಕಿರುಚಿದರು. "ಆ ಹಗ್ಗ ಬ್ಯಾಡ. ಒಳಗಿನ ಅರ್ಧ ಹಳೇದೈತಿ. ನಾನ ಸುತ್ತೀನಿ. ಹರೀತದ ಅದು."

ಹಿಂದಿನಿಂದ ಒಬ್ಬ, "ಅದಕ್ಕ ಹಗ್ಗ ಹರಿದು ನಮ್ಮ ಎತ್ತು ಬಾವ್ಯಾಗ ಬಿತ್ತಲೋ" ಎಂದ. ಹುಲಿಗೆಪ್ಪ ಉಗುಳಲು ಬಾಯಿ ತೆರೆದವನು ಉಗುಳನ್ನು ನುಂಗಿದ.

ಶೆಟ್ಟರು ಅಜ್ಜನವರ ಕಡೆ ತಿರುಗಿದರು. ಬೈಗುಳಕ್ಕೋ ಶಾಪಕ್ಕೋ ಅವರು ಸಿದ್ಧರಾಗಿದ್ದರು. ಅಜ್ಜನವರು ಬರಿಮೈಯಲ್ಲಿ ನಿಂತಿದ್ದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಹಂಗಾರ ಹೊರಗಿನ ಅರ್ಧ ತಗೋ" ಎಂದರು.

ಅಷ್ಟೇ. ಶೆಟ್ಟರು ಪಕ್ಕದವನ ಕೈಯ ಕುಡುಗೋಲು ಕಸಿದುಕೊಂಡು, ತಾವೇ ಹೆಣೆದ ಜಾಗವನ್ನು ಬೆರಳಲ್ಲಿ ಹುಡುಕಿ ಕೊಯ್ದರು. ಉಳಿದ ಉದ್ದ ಸಾಲದು. "ಬಾವಿ ಹಗ್ಗ!" ಎಂದು ಒಬ್ಬಾಕೆ ಕೂಗಿದಳು. ದಂಡೆಯ ಓಣಿಯ ಹೆಂಗಸರು ಓಡಿಹೋಗಿ ತಮ್ಮ ತಮ್ಮ ಮನೆಯ ನೀರು ಸೇದುವ ಹಗ್ಗ ತಂದರು. ದಿನಾ ಕೊಡ ಎತ್ತಿ ಪರೀಕ್ಷೆಯಾದ ಹಗ್ಗಗಳು. ಶೆಟ್ಟರು ಪ್ರತಿಯೊಂದನ್ನೂ ಉದ್ದಕ್ಕೂ ಕೈಯಾಡಿಸಿ, ಮಡಚಿ, ಜಗ್ಗಿ ನೋಡಿ ಗಂಟು ಹಾಕಿದರು. ಎರಡನ್ನು ತೆಗೆದು ಎಸೆದರು. ಹಗ್ಗ ಬಲ್ಲ ಕೈ ಅದು. ಮೋಸಕ್ಕೆ ಕಲಿತ ಕಣ್ಣು ಅಂದು ಊರಿಗೆ ಉಪಯೋಗಕ್ಕೆ ಬಂತು.

ಹಗ್ಗವನ್ನು ಮಂಟಪದ ಕಂಬಕ್ಕೆ ಒಂದು ಸುತ್ತು ಹಾಕಿದರು. ಮುಂದಿನ ಹಿಡಿ ಶೆಟ್ಟರದು, ಅವರ ಹಿಂದೆ ಇಪ್ಪತ್ತು ಜನ. ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತ, ಹಂದರ ತಿರುಗುತ್ತ, ಹುಲಿಗೆಪ್ಪನನ್ನು ಹೊತ್ತು ನಡುನೀರಿಗೆ ಹೋಯಿತು. ಒಂದು ಸಲ ಪೂರ್ತಿ ವಾಲಿತು. ಶೆಟ್ಟರು ಉಸಿರು ಹಿಡಿದು ಹಗ್ಗ ಸಡಿಲಿಸಿದರು. ಅದು ಎದ್ದಿತು. ದಿಬ್ಬ ಮುಟ್ಟಿತು.

"ಜಗ್ರಿ!"

ಜಗ್ಗಿದರು. ಹಂದರ ಹಿಂದಕ್ಕೆ ಬಂತು. ಹತ್ತಿರವಾದಂತೆ ಶೆಟ್ಟರು ತಲೆಗಳನ್ನು ನೋಡಿದರು. ಹುಲಿಗೆಪ್ಪ, ಗಾಳೆವ್ವ, ಮತ್ತಿಬ್ಬರು ಹೆಂಗಸರು. ತಮ್ಮ ಇರಲಿಲ್ಲ. ದೂರದಲ್ಲಿ ಈರಪಾಕ್ಷಿ ಸೊಂಟಮಟ್ಟ ನೀರಿನಲ್ಲಿ ಮುದುಕನನ್ನು ಹೊತ್ತು ಇನ್ನೂ ನಿಂತೇ ಇದ್ದ.

"ಎಲ್ಲಾರೂ ಒಮ್ಮೆಕ ಏರಿದ್ರ ಮುಳುಗ್ತೈತಿ, ಮೊದಲ ಹೆಂಗಸರ್ನ ಒಯ್ಯಿ ಅಂದ್ರು ನಿಮ್ಮ ತಮ್ಮಾರು" ಎಂದು ಗಾಳೆವ್ವ ಅಳುತ್ತ ಮೆಟ್ಟಿಲು ಹತ್ತಿದಳು. ಹುಲಿಗೆಪ್ಪ ಕೆಳಗಿಳಿಯಲಿಲ್ಲ. ಹೆಂಡತಿ ದಂಡೆ ಸೇರಿದ್ದಳು. ಇನ್ನು ಅವನು ಹೋಗಲೇಬೇಕಾದದ್ದಿರಲಿಲ್ಲ. ಶೆಟ್ಟರ ಮುಖ ನೋಡಿ ಅವನು ಕೇಳಿದ್ದು ಒಂದೇ ಮಾತು: "ಹಗ್ಗ ತಡೀತದೇನ್ರಿ?"

"ತಡೀತದ. ಒಂದೊಂದು ಮಾರೂ ನೋಡೀನಿ."

"ಹಂಗಾರ ಬಿಡ್ರಿ."

ಎರಡನೆಯ ಸಲ ನೀರಿನ ಸೆಳೆತ ಹೆಚ್ಚಿತ್ತು. ಮೂರು ಡಬ್ಬಿ ಕಳಚಿಕೊಂಡು ಹೋದವು. ಹಗ್ಗ ಕೈಯಲ್ಲಿ ಜಾರಿ ಶೆಟ್ಟರ ಅಂಗೈಯ ಚರ್ಮ ಸುಲಿಯಿತು. ಅವರು ಬಿಡಲಿಲ್ಲ. ಬಸವಣ್ಣನ ಕೊಂಬು ಮಾತ್ರ ಕಾಣುತ್ತಿದ್ದಾಗ ಹಂದರ ದಂಡೆಗೆ ಬಡಿಯಿತು. ಅದರಲ್ಲಿ ಮೂವರಿದ್ದರು. ಹಿಂದೆ ತಿರುಗಿ ನೋಡಿದರೆ ದಿಬ್ಬವೇ ಇರಲಿಲ್ಲ; ನೀರಿನ ಮೇಲೆ ಕಲ್ಲಂಗಡಿಗಳು ಸಾಲಾಗಿ ತೇಲಿಹೋಗುತ್ತಿದ್ದವು.

ಜನ ಜಯಕಾರ ಹಾಕಿ ಅಜ್ಜನವರ ಪಾದಕ್ಕೆ ಮುಗಿಬಿದ್ದರು. "ಪವಾಡ ಆತು!" ಎಂದರು. ಅಜ್ಜನವರು ಶೆಟ್ಟರ ಎರಡೂ ಕೈಗಳನ್ನು ಹಿಡಿದು, ರಕ್ತ ಒಸರುತ್ತಿದ್ದ ಅಂಗೈಗಳನ್ನು ಜನರ ಕಡೆ ತಿರುಗಿಸಿ ತೋರಿಸಿದರು. ಆಮೇಲೆ ತಮ್ಮ ಗೋಣಿತಟ್ಟಿನ ಮೇಲೆ ಕುಳಿತು, ಅರ್ಧಕ್ಕೆ ಬಿಟ್ಟಿದ್ದ ಚೀಲವನ್ನು ಮತ್ತೆ ಹೊಲಿಯತೊಡಗಿದರು.

ಮರುದಿನ ಶೆಟ್ಟರು ಒಂದು ಹೊಸ ಕಾವಿ ಶಾಲು, ಜೊತೆಗೆ ಹಗ್ಗದ ಆ ಒಳಸುತ್ತನ್ನು ಹೊತ್ತು ಮಂಟಪಕ್ಕೆ ಬಂದರು. "ಇದನ್ನ ಏನು ಮಾಡ್ಲಿ ಅಜ್ಜಾರ? ಸುಡಲ್ಯಾ?"

ಅಜ್ಜನವರು ಹಗ್ಗವನ್ನು ಬೆರಳಲ್ಲಿ ಹೊಸೆದು ನೋಡಿದರು. "ಸೋರೆಬಳ್ಳಿಗೆ ಹಂದರ ಬೇಕಾಗಿತ್ತು. ಬಳ್ಳಿಯ ಭಾರ ತಡೀತದ. ಕಟ್ಟು."

ಶೆಟ್ಟರು ಬಟ್ಟೆ ಸುತ್ತಿದ ಕೈಗಳಿಂದಲೇ ಕಟ್ಟಿದರು.

ಅಂದಿನಿಂದ ಪ್ರತಿ ವರ್ಷ ಅಂಬಿಗರು ಹರಿಗೋಲಿನ ತೊಗಲು ಕಿತ್ತ ದಿನ, ಬಾಯಿ ಮುಚ್ಚಿದ ಮೂವತ್ತು ಡಬ್ಬಿಗಳು ಶೆಟ್ಟರ ಅಂಗಡಿಯಿಂದ ಮಂಟಪಕ್ಕೆ ಬಂದು ಕಾರಹುಣ್ಣಿಮೆಯವರೆಗೆ ಅಲ್ಲಿರುತ್ತಿದ್ದವು. ಅಂಗಡಿಯಲ್ಲಿ ಹಗ್ಗದ ಸುತ್ತು ಮತ್ತೆಂದೂ ಕಾಣಲಿಲ್ಲ. ಶೆಟ್ಟರು ಅಂಗಡಿಯ ಕಂಬದಿಂದ ಎದುರಿನ ಬೇವಿನ ಮರದವರೆಗೆ ಹಗ್ಗವನ್ನು ಬಿಚ್ಚಿ ಕಟ್ಟಿರುತ್ತಿದ್ದರು. ಕೊಳ್ಳಲು ಬಂದವರಿಗೆ ಅವರು ಹೇಳುತ್ತಿದ್ದದ್ದು ಇಷ್ಟೇ: "ಈ ತುದಿಯಿಂದ ಆ ತುದಿತನಕ ಕೈಯಾಡಿಸಿಕೊಂತ ನಡದ ಹೋಗ್ರಿ. ಆಮ್ಯಾಲ ಮಾತಾಡೂಣು."