ಬೆವರಿನ ಸಾಕ್ಷಿ

ಪಂಚಾಯಿತಿಯ ನೀರಿನ ಮೋಟಾರು ಕಳುವಾಗಿ, ಕೇಸು ಅಲ್ಲಿನ ಗುಮಾಸ್ತನ ತಲೆಗೆ ಬಂತು. ಸಾಬೀತಾದರೆ ಮೂರು ವರ್ಷ ಜೈಲು.

ಸರ್ಕಾರಿ ವಕೀಲ ಚೆಲುವಯ್ಯನವರ ಬಳಿ ಸಾಕ್ಷಿಯಿರಲಿಲ್ಲ. ಗುಮಾಸ್ತನ ಮನೆಯ ಕಂಪ್ಯೂಟರನ್ನೇ ಜಾಲಾಡಿ, ಅವನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದನ್ನೆಲ್ಲ ಅಚ್ಚುಹಾಕಿಸಿದ ಒಂದು ಕಟ್ಟು ಹಾಳೆ ತಂದಿದ್ದರು.

"ಮಹಾಸ್ವಾಮಿ, ಈತ ಹೆಂಡತಿಗೆ ತಿಳಿಯದಂತೆ ಹನ್ನೊಂದು ಸಲ ಹುಡುಕಿದ್ದು ತಲೆಗೆ ಹಚ್ಚುವ ಕರಿ ಬಣ್ಣ! ನರೆತ ಕೂದಲನ್ನೇ ಮರೆಮಾಚುವವನು ಮೋಟಾರನ್ನು ಬಿಟ್ಟಾನೆಯೇ?"

ಕೋರ್ಟು ಗೊಳ್ಳೆಂದಿತು. ಗುಮಾಸ್ತ ಕೈಮುಗಿದ.

"ಒಪ್ಪಿದೆ ಸ್ವಾಮಿ. ಬಣ್ಣ ಹಚ್ಚಿದವರೆಲ್ಲ ಕಳ್ಳರೇ ಅನ್ನಿ. ಹೇಗೂ ಕರೆಂಟು ಹೋಗಿ ಫ್ಯಾನು ನಿಂತಿದೆ. ಎಲ್ಲರೂ ಹತ್ತು ನಿಮಿಷ ಹೀಗೇ ಬೆವರೋಣ. ಕಳ್ಳರು ಯಾರ್ಯಾರೆಂದು ಭಗವಂತನೇ ತೋರಿಸುತ್ತಾನೆ."

ಮಾತು ಮುಗಿಯುವಷ್ಟರಲ್ಲಿ ಚೆಲುವಯ್ಯನವರ ಕೆನ್ನೆಯಿಂದ ಕರಿ ಹನಿಯೊಂದು ಇಳಿದು ಬಿಳಿಯ ಕತ್ತುಪಟ್ಟಿಯ ಮೇಲೆ ಬಿತ್ತು. ನ್ಯಾಯಾಧೀಶರು ಅವಸರವಾಗಿ ತಮ್ಮ ಕಪ್ಪು ಮೀಸೆಗೆ ಕರವಸ್ತ್ರ ಅಡ್ಡ ಹಿಡಿದರು.

"ಆ ಹಾಳೆಗಳಿಗೂ ಮೋಟಾರಿಗೂ ಸಂಬಂಧವಿಲ್ಲ, ಆಚೆ ಇಡಿ. ಬೇರೆ ಸಾಕ್ಷಿ ಇದೆಯೇ?"

ಇರಲಿಲ್ಲ. ಗುಮಾಸ್ತ ಬಿಡುಗಡೆಯಾದ.

ಹೊರಗೆ ಬೇವಿನ ಮರದಡಿ ಚೆಲುವಯ್ಯನವರು ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಅಲ್ಲಯ್ಯಾ, ಬೆವರಿಗೆ ಇಳಿಯದ ಬಣ್ಣ ಕೊನೆಗೂ ಸಿಕ್ಕಿತೇನು?"

"ಅದು ನನ್ನ ಮನೆಯ ವಿಷಯ, ಸ್ವಾಮಿ" ಎಂದು ಗುಮಾಸ್ತ ಬಸ್ಸು ಹತ್ತಿದ.