ಹುಣಸೆ ಬುಡದ ಅರಿಶಿನ

ಪುಟ್ಟಮಾದಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಎತ್ತಿನಂಥ ಮೈ. ಬುದ್ಧಿ ಹಂಚುವಾಗ ಮಾತ್ರ ಎಲ್ಲಿ ನಿದ್ದೆ ಹೊಡೆಯುತ್ತಿದ್ದನೋ! ಹೇಳಿದ್ದನ್ನು ಹೇಳಿದಂತೆಯೇ ಮಾಡುವನು, ಅದೇ ಕಷ್ಟ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಕೊನೆಗೆ ಪಕ್ಕದೂರಿನ ದ್ಯಾವಣ್ಣ ಒಂದು ಮಾತು ಹೇಳಿದ: "ನಿಮ್ಮ ಹಿತ್ತಲ ಹುಣಸೆ ಮರದ ಕೆಳಗೆ ಹುಲ್ಲೂ ಹುಟ್ಟಲ್ಲ. ಅಲ್ಲಿ ಒಂದು ಗಿಡ ಬದುಕಿಸಲಿ. ನನ್ನ ಮಗಳನ್ನೂ ಸಾಕ್ತಾನೆ ಅಂತ ನಂಬ್ತೀನಿ."

ಚಿಕ್ಕೀರ ಚೆಂಡುಹೂವಿನ ಸಸಿ ತಂದು ನೆಟ್ಟ. ವಾರದೊಳಗೆ ಸೊರಗಿ ಸತ್ತವು.

ತಾಯಿ ಗದರಿದಳು: "ಅಯ್ಯೋ ಪೆದ್ದ, ಆ ಕತ್ತಲಲ್ಲಿ ಚೆಂಡುಹೂ ಬದುಕ್ತದೇನೋ? ಗಿಡಕ್ಕೆ ಬಿಸಿಲು ಬೀಳಬೇಕು. ಮೇಲೆ ಏನು ಅಡ್ಡ ಇದ್ರೂ ತೆಗೀಬೇಕು."

"ಆಗ್ಲಿ ಕಣವ್ವ."

ನೆರಳಲ್ಲಿ ಬೆಳೆಯುವುದೇ ಬೇಕೆಂದು ಅವಳು ಅರಿಶಿನದ ಗೆಡ್ಡೆ ತಂದು, ಮೊಳಕೆ ಬರಲೆಂದು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಸಂತೆಗೆ ಹೋಗಿ ಬಂದು ನೋಡಿದರೆ ಅಡುಗೆಮನೆಗೆ ಹೆಂಚೇ ಇಲ್ಲ. ಮಗ ಗೋಡೆಯ ಮೇಲೆ ಕೂತಿದ್ದಾನೆ.

"ಬಿಸಿಲು ಬಿತ್ತು ನೋಡವ್ವ."

ಅವಳು ಹಣೆ ಚಚ್ಚಿಕೊಂಡಳು. "ಇದು ನೆರಳಿನ ಗಿಡ ಕಣೋ! ಬಿಸಿಲು ತಾಗದ ಹಾಗೆ ಸೊಪ್ಪು ಹೊದಿಸಿ ನೀರು ಚಿಮುಕಿಸಬೇಕು."

"ಆಗ್ಲಿ ಕಣವ್ವ."

ಮಾರನೇ ದಿನ ಅವಳು ಅಂಗಳದಲ್ಲಿ ಹಪ್ಪಳ ಒಣಹಾಕಿದಳು. ಚಿಕ್ಕೀರ ಸೊಪ್ಪು ಹೊದಿಸಿದ, ನೀರು ಚಿಮುಕಿಸಿದ. ಹಪ್ಪಳವೆಲ್ಲ ಅಂಬಲಿ.

"ಹಪ್ಪಳಕ್ಕೆ ಬೇರು ಐತೇನೋ ಮುಂಡೇದೆ? ಯಾವುದು ಬಾಡಿ ಬಿದ್ದದೋ ಅದಕ್ಕೆ ಮಾಡು. ಬುಡಕ್ಕೆ ಮಣ್ಣೇರಿಸು, ನೀರು ಹುಯ್ಯಿ, ಸೊಪ್ಪು ಹೊದಿಸು. ಅಲ್ಲಾಡಿದ್ರೆ ಕೋಲು ನೆಟ್ಟು ಕಟ್ಟು."

"ಆಗ್ಲಿ ಕಣವ್ವ."

ಅರಿಶಿನವನ್ನು ಮಾತ್ರ ಅವಳೇ ಮುಂದೆ ನಿಂತು ನೆಡಿಸಿದಳು. ದೇವರ ದಯೆ, ಚಿಗುರಿತು. ಹುಣಸೆ ಬುಡದಲ್ಲಿ ಹಸಿರೆಲೆ ಕಂಡು ಅವಳ ಕಣ್ಣು ತುಂಬಿತು. ಕೂಡಲೇ ದ್ಯಾವಣ್ಣನಿಗೆ ಹೇಳಿ ಕಳಿಸಿದಳು.

ಅವನು ಉರಿಬಿಸಿಲಲ್ಲಿ ನಡೆದು ಬಂದ. ಎಲೆ ಮುಟ್ಟಿ ನೋಡಿದ, ತಲೆದೂಗಿದ. "ಹೆಣ್ಣು ಕೊಟ್ಟೆ ಕಣಮ್ಮ" ಎಂದವನೇ ಸುಸ್ತಾಗಿ ಮರದ ಕೆಳಗೆ ಒರಗಿ ಕಣ್ಣು ಮುಚ್ಚಿದ. ಇವಳು ಹಿಗ್ಗಿನಲ್ಲಿ ಪಾನಕ ಮಾಡಲು ಒಳಗೆ ಹೋದಳು.

ಪಾನಕ ಹಿಡಿದು ಬಂದರೆ ಬೀಗರಿಲ್ಲ. ಅರಿಶಿನದ ಪಕ್ಕದಲ್ಲಿ ಒಂದು ಸೊಪ್ಪಿನ ಗುಡ್ಡೆ, ಅದರ ನಡುವೆ ಒಂದು ಗೂಟ. ಗುಡ್ಡೆ ನರಳುತ್ತಿದೆ.

"ಬೀಗರೆಲ್ಲೋ?"

"ಬಾಡಿ ಬಿದ್ದಿದ್ರು ಕಣವ್ವ. ಕಾಲಿಗೆ ಮಣ್ಣೇರಿಸಿ ನೀರು ಹುಯ್ದೆ. ಶಾನೆ ಅಲ್ಲಾಡಿದ್ರು, ಕೋಲು ನೆಟ್ಟು ಕಟ್ಟಿದೀನಿ. ಚಿಗುರೋಗಂಟ ಮುಟ್ಟಬೇಡ."