ಕಡೆಯ ಬೆಂಚಿಗೆ ಬಂದ ಲೋಯಿಸಮ್ಮನವರು

ಪೂಜ್ಯ ಲೋಯಿಸಮ್ಮನವರು ನಮ್ಮ ಮಿಷನ್ ಓಣಿಯಲ್ಲಿ, ದೇವಾಲಯದ ಗೋಡೆಗೆ ಹತ್ತಿದ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಹೊರಸು, ಒಂದು ಒಲೆ, ಬಿಳಿ ಅರಿವೆಯಲ್ಲಿ ಸುತ್ತಿಟ್ಟ ವೇದಪುಸ್ತಕ, ಇಷ್ಟೇ ಅವರ ಸಂಸಾರ. ಮನೆಮನೆಗೆ ಹೋಗಿ ಹೆಂಗಸರಿಗೆ ದೇವರ ವಾಕ್ಯ ಓದಿ ಹೇಳುತ್ತಿದ್ದರು. ಜ್ವರ ಬಂದವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದರು. ನಾನು ಮೂರನೇ ಇಯತ್ತೆಯನ್ನೂ ಮುಗಿಸದವಳು. ಆದರೆ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯಲು ಶಾಲೆ ಬೇಕಿಲ್ಲ. ಮೂವತ್ತು ವರ್ಷ ಅವರ ಎದುರು ಮನೆಯಲ್ಲಿದ್ದು, ಒಂದಾದರೂ ಹುಳುಕು ಸಿಕ್ಕೀತೇ ಎಂದು ಕಾದೆ. ಚಹಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ಬಿಟ್ಟು ಮತ್ತೇನೂ ಸಿಗಲಿಲ್ಲ. ಒಂದು ವರ್ಷ ಮಾತ್ರ, ಸಿಕ್ಕಿತು ಎಂದುಕೊಂಡೆ.

ಅದಕ್ಕೆ ಮೂಲ ನಮ್ಮ ಓಣಿಯ ಆಮೋಸ. ಒಳ್ಳೆಯ ನೇಕಾರ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಯಾರದೋ ಮದುವೆಯ ಸೀರೆ ಸೋಮವಾರಕ್ಕೆ ಮುಗಿಯಬೇಕೆಂದು, ಕೆಲಸ ಮುಟ್ಟಬಾರದ ಭಾನುವಾರ, ನಾವೆಲ್ಲ ಆರಾಧನೆಯಲ್ಲಿದ್ದಾಗ ಬಾಗಿಲು ಹಾಕಿಕೊಂಡು ನೇಯಲು ಕುಳಿತ. ಸದ್ದು ಹೊರಬೀಳದಂತೆ ಕಿಟಕಿಗೆ ಕಂಬಳಿಯನ್ನೂ ಕಟ್ಟಿದ್ದನಂತೆ. ಕಂಬಳಿ ಕಟ್ಟಿದರೆ ಮಗ್ಗ ಸುಮ್ಮನಿರುತ್ತದೆಯೇ? ಸಭೆಯ ಪಾಲಕರಾದ ಅಯ್ಯನವರು ಮೌನಪ್ರಾರ್ಥನೆ ಎಂದು ಕಣ್ಣು ಮುಚ್ಚಿದ ಹೊತ್ತಿಗೆ ಸರಿಯಾಗಿ ಟಕ್ ಟಕ್, ಟಕ್ ಟಕ್ ಎಂದು ಇಡೀ ಸಭೆಗೆ ಕೇಳಿತು. ನಾನು ಕಣ್ಣು ತೆರೆದು ನೋಡಿದೆ. ತೆರೆದವಳು ನಾನೊಬ್ಬಳೇ ಅಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಅವನ ಮನೆಗೆ ಹೋಗಿ ಮೆಲ್ಲಗೆ ಕೇಳಿದರು. ನೇಯಲೇ ಇಲ್ಲ ಎಂದು ವಾದಿಸಿದ. ಸುಳ್ಳೇಕೆ ಆಡುತ್ತೀ ಎಂದದ್ದಕ್ಕೆ ಕೈಯಲ್ಲಿದ್ದ ಮಗ್ಗದ ಲಾಳಿಯನ್ನೇ ಬೀಸಿ ಒಗೆದ. ಅಯ್ಯನವರ ಹಣೆ ಒಡೆದು ಮೂರು ಹೊಲಿಗೆ ಬಿದ್ದವು. ಆ ವಾರ ನಮ್ಮ ಓಣಿಯಲ್ಲಿ ಯಾರ ಸಾರಿಗೂ ಉಪ್ಪಿರಲಿಲ್ಲ, ಎಲ್ಲರ ಧ್ಯಾನವೂ ಇದರ ಮೇಲೆಯೇ.

ಸಭೆಯ ಹಿರಿಯರು ಕೂಡಿ, ಕ್ಷಮೆ ಕೇಳುವವರೆಗೆ ಆಮೋಸನಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ, ಕಡೆಯ ಬೆಂಚಿನಲ್ಲಿ ಕೂರಬೇಕು ಎಂದು ತೀರ್ಮಾನಿಸಿದರು. ನಮ್ಮಲ್ಲಿ ತಪ್ಪು ಮಾಡಿದವರ ಜಾಗ ಅದು. ಮುಂದಿನ ಬೆಂಚುಗಳಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಎಂದು ಬೇರೆಬೇರೆ. ಆ ಬೆಂಚಿಗೆ ಅಂಥ ಭೇದವಿಲ್ಲ. ಹೆಂಡತಿ ಅತ್ತಳೆಂದು ಆಮೋಸ ಬಂದು ಕುಳಿತ, ಗೋಡೆಗೆ ಮುಖ ಮಾಡಿ. ಕ್ಷಮೆ ಮಾತ್ರ ಕೇಳಲಿಲ್ಲ.

ಅವನು ಹಾಗೆ ಕುಳಿತ ಮೂರನೆಯ ಭಾನುವಾರ, ತಿಂಗಳ ಭೋಜನದ ದಿನ, ಲೋಯಿಸಮ್ಮನವರು ಬಂದರು. ಮೊದಲ ಸಾಲಿನ ತಮ್ಮ ಜಾಗಕ್ಕೆ ಹೋಗದೆ, ನೇರ ಕಡೆಯ ಬೆಂಚಿಗೆ ಹೋಗಿ ಆಮೋಸನ ಪಕ್ಕ ಕುಳಿತರು. ಭೋಜನದ ಹೊತ್ತಿಗೆ ಎಲ್ಲರೂ ಎದ್ದರೂ ಅವರು ಏಳಲಿಲ್ಲ. ಮರು ತಿಂಗಳೂ ಏಳಲಿಲ್ಲ. ಅಯ್ಯನವರು ಕೇಳಿದ್ದಕ್ಕೆ, ಇರಲಿ ಬಿಡಿ ಎಂದಷ್ಟೇ ಹೇಳಿದರಂತೆ.

ನನಗೆ ನಿದ್ದೆ ಹತ್ತಲಿಲ್ಲ. ಏನು ಪಾಪ ಮಾಡಿರಬಹುದು ಈ ಹಿರಿಯ ಜೀವ? ನಮ್ಮ ಹೆಂಗಸರು ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತಾರೆ. ಅದನ್ನೆಲ್ಲ ಕೂಡಿಸುವ ಗಡಿಗೆ ಲೋಯಿಸಮ್ಮನವರ ಕೋಣೆಯಲ್ಲಿತ್ತು. ಅದಕ್ಕೇ ಕೈ ಹಾಕಿರಬಹುದು ಎಂದು ನಲ್ಲಿಯ ಹತ್ತಿರ ಹೇಳಿದೆ. ಕೊಡ ತುಂಬುವಷ್ಟರಲ್ಲಿ ಆ 'ಬಹುದು' ಉದುರಿಹೋಗಿತ್ತು. ಸಂಜೆಗೆ ಅವರು ಕಳ್ಳಿಯಾಗಿದ್ದರು.

ನಾಲ್ಕು ತಿಂಗಳಾದರೂ ನಿಜ ಹೊರಬೀಳಲಿಲ್ಲ. ಕಡೆಗೆ, ಮೊಸರಿಗೆ ಹೆಪ್ಪು ಬೇಕೆಂಬ ನೆವ ಮಾಡಿ ಬಟ್ಟಲು ಹಿಡಿದು ಹೋದೆ. ಒಳಗೆ ಆಮೋಸನ ದನಿ ಕೇಳಿಸಿತು. ಬಾಗಿಲ ಮರೆಯಲ್ಲೇ ನಿಂತೆ.

“ಅವ್ವಾರ, ನಾಳಿಂದ ಮುಂದ ಹೋಗಿ ಕುಂದರ್ರಿ,” ಎನ್ನುತ್ತಿದ್ದ. “ನನ್ನ ಸಲುವಾಗಿ ಮಂದಿ ನಿಮ್ಮನ್ನ ಕಳ್ಳಿ ಅನ್ನಾಕತ್ಯಾರ. ದೇವರು ನನ್ನ ಹೊರಗ ಹಾಕ್ಯಾನ. ಮುಗೀತು. ಹೆಂಡತಿ ಮಕ್ಕಳನ್ನ ಕರಕೊಂಡು ನಾನೂ ಹೊರಗ ಹೊಂಟೀನಿ. ಇನ್ನ ಈ ಬಾಗಲಾ ತುಳಿಯಂಗಿಲ್ಲ.”

ಲೋಯಿಸಮ್ಮನವರು ಅವನ ಮುಂದೆ ಚಹ ಇಟ್ಟರು.

“ಮಾತು ಕೇಳದ ಇಸ್ರಾಯೇಲರಿಗೆ ದೇವರು ಏನ ಶಿಕ್ಷಾ ಕೊಟ್ಟ, ಆಮೋಸ?”

“ನಲವತ್ತ ವರ್ಷ ಮರಳುಗಾಡಿನ್ಯಾಗ ಅಲೀರಿ ಅಂದ. ಸಣ್ಣಾಂವ ಇದ್ದಾಗ ನೀವ ಕಲಿಸೀರಲ್ಲ.”

“ಹೌದು. ಆ ನಲವತ್ತ ವರ್ಷ ದೇವರು ತಾ ಎಲ್ಲಿದ್ದ?”

ಹಗಲು ಮೇಘಸ್ತಂಭವಾಗಿ, ಇರುಳು ಅಗ್ನಿಸ್ತಂಭವಾಗಿ ದೇವರು ಅವರ ಮುಂದೆ ದಾರಿ ತೋರಿಸುತ್ತ ನಡೆದದ್ದನ್ನು ನಾನೂ ಹುಡುಗಿಯಾಗಿದ್ದಾಗಿನಿಂದ ಕೇಳಿದ್ದೆ. ಅವರು ಗುಡಾರದಲ್ಲಿದ್ದರೆ ದೇವರಿಗೂ ಗುಡಾರವೇ. ಅಲೆಯಿರಿ ಎಂದವನು ತಾನೂ ಜೊತೆಗೇ ಅಲೆದ ಎಂದು ಮಾತ್ರ ಆವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

“ಹೊರಗ ಹಾಕಿದಾಂವ ಜೋಡಿ ಬರತಾನೇನು?” ಎಂದರು ಲೋಯಿಸಮ್ಮನವರು. ಅಷ್ಟೇ.

ಚಹ ಆರಿ ಕೆನೆಗಟ್ಟಿತು. ಆಮೋಸ ಎದ್ದು, ಮುಖ ಒರೆಸಿಕೊಂಡು, ನನ್ನ ಪಕ್ಕದಲ್ಲೇ ಹಾದರೂ ನನ್ನನ್ನು ನೋಡದೆ, ನೆಟ್ಟಗೆ ಅಯ್ಯನವರ ಮನೆಯ ಕಡೆಗೆ ನಡೆದ.

“ರೂತವ್ವ, ಎಷ್ಟೊತ್ತ ನಿಲ್ಲತೀ, ಕಾಲು ನೋಯತಾವು. ಬಾ, ಹೆಪ್ಪು ಕೊಡತೀನಿ,” ಎಂದು ಲೋಯಿಸಮ್ಮನವರು ಒಳಗಿನಿಂದಲೇ ನನ್ನನ್ನು ಕರೆದರು.

ಹೆಪ್ಪು ಕೊಟ್ಟರು. ಅಕ್ಕಿಯ ಗಡಿಗೆ ಅಲ್ಲೇ ಮೂಲೆಯಲ್ಲಿತ್ತು. ಅದರ ಸುದ್ದಿಯನ್ನು ಅವರು ಎತ್ತಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬಟ್ಟಲು ಹಿಡಿದು ಬಂದೆ, ಆ ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನೇ ಮರೆತೆ.

ತಿಂಗಳ ಮೊದಲ ಭಾನುವಾರ ಆರಾಧನೆ ಶುರುವಾಗುವ ಮುಂಚೆ ಆಮೋಸ ಸಭೆಯ ಮುಂದೆ ಕ್ಷಮೆ ಕೇಳಿದ. ಅವನು ಕುಳಿತ ಮೇಲೆ ನಾನು ಎದ್ದೆ. ಅಕ್ಕಿಯ ಮಾತು ನಾನು ಹುಟ್ಟಿಸಿದ್ದು, ಲೋಯಿಸಮ್ಮನವರ ಕೈ ಶುದ್ಧ ಎಂದು ಹೇಳಿದೆ. ಊರಿಗೆಲ್ಲ ಸುದ್ದಿ ಹಂಚಿದವಳು, ನನ್ನ ಸುದ್ದಿಯನ್ನು ನಾನೇ ಹೇಳಿದ್ದು ಅದೇ ಮೊದಲು. ಹಿರಿಯರು ನನಗೆ ಮೂರು ತಿಂಗಳು ಕಡೆಯ ಬೆಂಚು ಎಂದರು.

ಭೋಜನಕ್ಕೆ ಎಲ್ಲರೂ ಮುಂದೆ ಹೋದರು. ಹಣೆಯ ಮೇಲೆ ಹೊಲಿಗೆಯ ಗುರುತಿದ್ದ ಅಯ್ಯನವರು ಆಮೋಸನಿಗೆ ರೊಟ್ಟಿ ಕೊಟ್ಟರು. ಅವನ ಹಿಂದೆ, ನಾಲ್ಕು ತಿಂಗಳ ಮೇಲೆ, ಲೋಯಿಸಮ್ಮನವರು ಮೊಣಕಾಲೂರಿದರು. ಕಡೆಯ ಬೆಂಚಿನಲ್ಲಿ ನಾನೊಬ್ಬಳೇ. ತಲೆ ಎತ್ತಲಾಗದೆ ನೆಲ ನೋಡುತ್ತಿದ್ದೆ. ಜನ ತಮ್ಮ ತಮ್ಮ ಜಾಗಕ್ಕೆ ಮರಳುವ ಸದ್ದು ಕೇಳುತ್ತಿತ್ತು. ಒಂದು ಜೊತೆ ಹೆಜ್ಜೆ ಮಾತ್ರ ಮೊದಲ ಸಾಲಿನಲ್ಲಿ ನಿಲ್ಲದೆ ಹಿಂದೆ ಹಿಂದಕ್ಕೆ ಬಂತು. ಹಿಮ್ಮಡಿ ಒಡೆದ ಆ ಪಾದಗಳು ನನಗೆ ಗೊತ್ತಿದ್ದವು.

“ಜರಾ ಅತ್ತಾಗ ಸರಿ, ರೂತವ್ವ,” ಎಂದರು.